ಸಿಟ್ರಸ್ ಹಣ್ಣುಗಳಲ್ಲಿ ಮ್ಯಾಂಡರಿನ್‌ನ ಪಾಲನ್ನು ಗುರುತಿಸುವ ಬಗೆ

ಮ್ಯಾಂಡರಿನ್ ಎಂದರೆ ಸಿಹಿ ಕಿತ್ತಳೆಯ ಒಂದು ಚಿಕ್ಕ, ಸುಲಭವಾಗಿ ಸುಲಿಯಬಹುದಾದ ಬಗೆ ಎಂದು ಹಲವರು ತಿಳಿದಿರುತ್ತಾರೆ. ವಂಶಾವಳಿ ಇರುವುದು ಇದಕ್ಕೆ ತದ್ವಿರುದ್ಧವಾಗಿ. ಮ್ಯಾಂಡರಿನ್ ಪೂರ್ವಜ, ಸಿಹಿ ಕಿತ್ತಳೆ ಅದರ ಸಂತತಿ. ಈ ಒಂದು ಸಂಗತಿ ಮನಸ್ಸಿನಲ್ಲಿ ಸರಿಯಾಗಿ ನೆಲೆಯೂರಿದರೆ ಸಿಟ್ರಸ್ ಬಳಗದ ಕುರಿತ ಗೊಂದಲದಲ್ಲಿ ಅರ್ಧದಷ್ಟು ತಾನಾಗಿಯೇ ತಿಳಿಯಾಗುತ್ತದೆ. ಕೈಗೆ ಸಿಕ್ಕ ಸಿಟ್ರಸ್ ಹಣ್ಣನ್ನು ಸುಲಿದು, ಕೊಯ್ದು, ಮೂಸಿ, ರುಚಿ ನೋಡಿ, ಅದರಲ್ಲಿ ಮ್ಯಾಂಡರಿನ್‌ನ ಪಾಲು ಇದೆಯೇ, ಇದ್ದರೆ ಯಾವ ಗುಣದಲ್ಲಿ ಕಾಣಿಸುತ್ತದೆ ಎಂಬುದನ್ನು ಪತ್ತೆ ಹಚ್ಚುವ ವಿಧಾನವನ್ನು ಇಲ್ಲಿ ವಿವರಿಸಿದ್ದೇನೆ. ಇದಕ್ಕೆ ಹರಿತವಾದ ಒಂದು ಚಾಕು ಸಾಕು. ಸಾಧ್ಯವಾದರೆ ಎಲೆಯಿರುವ ಒಂದು ಕಡ್ಡಿಯೂ ಇರಲಿ. ಸಡಿಲ ಸಿಪ್ಪೆಯ ಹಣ್ಣನ್ನು ಮ್ಯಾಂಡರಿನ್ ಎಂದೂ ಬಿಗಿ ಸಿಪ್ಪೆಯದನ್ನು ಸಿಹಿ ಕಿತ್ತಳೆ ಎಂದೂ ಉದ್ದಕ್ಕೂ ಕರೆದಿದ್ದೇನೆ. ತೋಟಗಾರಿಕೆಯ ವರ್ಗೀಕರಣದಲ್ಲಿ ಮೋಸಂಬಿಯೂ ಸಿಹಿ ಕಿತ್ತಳೆಯ ಗುಂಪಿನಲ್ಲೇ ಬರುವ, ಹುಳಿ ಕಡಿಮೆಯಿರುವ ತಳಿ.

ಮೊದಲು ಮೂಲ ಪ್ರಭೇದಗಳನ್ನು ತಿಳಿದುಕೊಳ್ಳಿ

ಬಿಲ್ವ, ಕರಿಬೇವುಗಳಿರುವ ರುಟೇಸೀ ಕುಟುಂಬಕ್ಕೇ ಸಿಟ್ರಸ್ ಕುಲವೂ ಸೇರಿದೆ. ಈ ಕುಲದಲ್ಲಿ ಎಷ್ಟು ಪ್ರಭೇದಗಳಿವೆ ಎಂಬ ವಿಷಯದಲ್ಲಿ ಸಸ್ಯವಿಜ್ಞಾನಿಗಳ ನಡುವೆ ಬಹುಕಾಲ ಒಮ್ಮತವಿರಲಿಲ್ಲ. ಅಮೆರಿಕದ ವಾಲ್ಟರ್ ಸ್ವಿಂಗಲ್ 16 ಪ್ರಭೇದಗಳನ್ನಷ್ಟೇ ಒಪ್ಪಿದರೆ, ಜಪಾನಿನ ತನಾಕಾ 162ರವರೆಗೆ ಎಣಿಸಿದರು. ಒಂದೇ ಹಣ್ಣುಗಳನ್ನು ನೋಡಿದ ಇಬ್ಬರು ಪಂಡಿತರ ಲೆಕ್ಕದಲ್ಲಿ ಹತ್ತು ಪಟ್ಟು ಅಂತರ ಬರಬೇಕಾದರೆ ತೊಂದರೆ ಪಂಡಿತರಲ್ಲಿರುವುದಕ್ಕಿಂತ ಹಣ್ಣುಗಳಲ್ಲೇ ಇದೆ ಎನ್ನಬೇಕು. ಸಾಮಾನ್ಯವಾಗಿ ಎಲ್ಲ ಸಿಟ್ರಸ್ ಗಿಡಗಳಲ್ಲೂ ವರ್ಣತಂತುಗಳು 9 ಜೊತೆ. ಆದ್ದರಿಂದ ಒಂದರ ಪರಾಗ ಇನ್ನೊಂದರ ಹೂವಿಗೆ ತಗುಲಿದರೆ ಫಲವತ್ತಾದ ಸಂಕರ ತಳಿ ಹುಟ್ಟುವುದು ತೀರ ಸುಲಭ. ಹಾಗೆ ಹುಟ್ಟಿದ ಗಿಡವನ್ನು ಮನುಷ್ಯ ಕಸಿ ಮಾಡಿ ಶತಮಾನಗಳ ಕಾಲ ಉಳಿಸಿಕೊಂಡರೆ ಅದು ನೋಡುವವರಿಗೆ ಸ್ವತಂತ್ರ ಪ್ರಭೇದದಂತೆಯೇ ಕಾಣುತ್ತದೆ.

ಜೀನೋಮ್ ಅಂದರೆ ಜೀವಿಯೊಂದರ ಒಟ್ಟು ಆನುವಂಶಿಕ ಮಾಹಿತಿ. ಅದರ ಅಧ್ಯಯನಗಳು ಈ ಸಿಕ್ಕನ್ನು ಬಹುಮಟ್ಟಿಗೆ ಬಿಡಿಸಿವೆ. 60 ಬಗೆಯ ಸಿಟ್ರಸ್ ಗಿಡಗಳ ಜೀನೋಮ್‌ಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವು, ಹಿಮಾಲಯದ ಆಗ್ನೇಯ ತಪ್ಪಲಿನಲ್ಲಿ, ಅಂದರೆ ಇಂದಿನ ಅಸ್ಸಾಮಿನ ಪೂರ್ವಭಾಗ, ಮ್ಯಾನ್ಮಾರಿನ ಉತ್ತರಭಾಗ ಮತ್ತು ಚೀನಾದ ಯುನ್ನಾನಿನ ಪಶ್ಚಿಮಭಾಗ ಸೇರುವ ಪ್ರದೇಶದಲ್ಲಿ ಈ ಕುಲ ಹುಟ್ಟಿ, ಸುಮಾರು 60ರಿಂದ 80 ಲಕ್ಷ ವರ್ಷಗಳ ಹಿಂದೆ ಕವಲೊಡೆದು ಏಷ್ಯಾದ ಉದ್ದಗಲಕ್ಕೆ ಹರಡಿತು ಎಂಬ ತೀರ್ಮಾನಕ್ಕೆ ಬಂದಿತು. ಆ ಕವಲುಗಳಲ್ಲಿ ನಮ್ಮ ಕೆಲಸಕ್ಕೆ ಮುಖ್ಯವಾದವು ಮೂರು: ಮ್ಯಾಂಡರಿನ್ (ಸಿಟ್ರಸ್ ರೆಟಿಕ್ಯುಲೇಟಾ), ಚಕ್ಕೋತ (ಸಿಟ್ರಸ್ ಮ್ಯಾಕ್ಸಿಮಾ) ಮತ್ತು ಮಾದಲ (ಸಿಟ್ರಸ್ ಮೆಡಿಕಾ). ನಾಲ್ಕನೆಯದಾಗಿ ಪಪೀಡ ಎಂಬ ಕಾಡು ಗುಂಪು ಅಲ್ಲಲ್ಲಿ ತಲೆ ಹಾಕುತ್ತದೆ.

ಈ ಮೂರರ ಚಿತ್ರ ಕಣ್ಣಮುಂದೆ ಇರಲಿ. ಮ್ಯಾಂಡರಿನ್ ಚಿಕ್ಕದು, ಮೇಲೂ ಕೆಳಗೂ ಚಪ್ಪಟೆ, ಕಡುಗೇಸರಿ ಬಣ್ಣದ ತೆಳು ಸಿಪ್ಪೆಯುಳ್ಳದ್ದು. ಚಕ್ಕೋತ ಇಡೀ ಕುಲದಲ್ಲೇ ದೊಡ್ಡದು. ತಿಳಿಹಳದಿ ಸಿಪ್ಪೆಯ ಕೆಳಗೆ ದಪ್ಪನೆಯ ಬಿಳಿ ಪದರ, ಗಟ್ಟಿ ಪೊರೆಯ ತೊಳೆಗಳು, ಒಂದೊಂದಾಗಿ ಬಿಡಿಸಬಹುದಾದಷ್ಟು ದೊಡ್ಡ ರಸಚೀಲಗಳು ಅದರ ಲಕ್ಷಣ. ಮಾದಲದಲ್ಲಿ ಬಿಳಿ ಪದರವೇ ಹಣ್ಣಿನ ಬಹುಭಾಗವನ್ನು ಆಕ್ರಮಿಸಿಕೊಂಡು ರಸ ನೆಪಮಾತ್ರಕ್ಕೆ ಇರುತ್ತದೆ. ಉಬ್ಬುತಗ್ಗಿನ ಹಳದಿ ಸಿಪ್ಪೆಯ ಪರಿಮಳವೇ ಅದರ ಸೊತ್ತು. ಬೇರೆ ಹಣ್ಣುಗಳನ್ನು ಪರೀಕ್ಷಿಸುವುದೆಂದರೆ, ಅವು ಈ ಮೂರರಲ್ಲಿ ಯಾವುದರ ಕಡೆಗೆ ಎಷ್ಟು ವಾಲುತ್ತವೆ ಎಂದು ನೋಡುವುದೇ ಆಗಿದೆ.

ಸುಲಿಯಿರಿ, ಮತ್ತೊಂದನ್ನು ಅಡ್ಡಕ್ಕೆ ಕೊಯ್ಯಿರಿ

ಒಂದೇ ಬಗೆಯ ಎರಡು ಹಣ್ಣುಗಳನ್ನು ತೆಗೆದುಕೊಂಡು ಒಂದನ್ನು ಕೈಯಿಂದಲೇ ಸುಲಿಯಿರಿ. ಮ್ಯಾಂಡರಿನ್ ಆದರೆ ತೊಟ್ಟಿನ ಬಳಿ ಹೆಬ್ಬೆರಳು ಒತ್ತಿದ ಕೂಡಲೇ ಸಿಪ್ಪೆ ಮೇಲೇಳುತ್ತದೆ, ಒಳಗಿನ ತೊಳೆಗಳಿಗೆ ಗಾಯವಾಗದಂತೆ ಪೂರ್ತಿ ಕಳಚಿಕೊಳ್ಳುತ್ತದೆ. ಇದಕ್ಕೆ ಕಾರಣ ಸಿಪ್ಪೆಯ ರಚನೆಯಲ್ಲಿದೆ. ಸಿಟ್ರಸ್ ಸಿಪ್ಪೆಯಲ್ಲಿ ತೈಲಗ್ರಂಥಿಗಳಿರುವ ಹೊರಗಿನ ಬಣ್ಣದ ಪದರ ಒಂದು, ಅದರಡಿಯ ಸ್ಪಂಜಿನಂಥ ಬಿಳಿ ಪದರ ಇನ್ನೊಂದು. ಮ್ಯಾಂಡರಿನ್ ಬಲಿತಂತೆ ಬಿಳಿ ಪದರದ ಅಂಗಾಂಶ ಸಡಿಲಗೊಂಡು ಅಲ್ಲಲ್ಲಿ ಹರಿದು ಹೋಗುತ್ತದೆ. ಕೊನೆಗೆ ಉಳಿಯುವುದು ಹಣ್ಣಿಗೆ ನೀರು, ಆಹಾರ ಸಾಗಿಸುತ್ತಿದ್ದ ನಾಳಗಳ ಜಾಲ ಮಾತ್ರ. ತೊಳೆಗಳ ಮೈಗೆ ಅಂಟಿಕೊಂಡು ಬರುವ, ನಾವು ಬಿಡಿಸಿ ಎಸೆಯುವ ಬಿಳಿ ನಾರುಗಳೇ ಅವು. ಹೆಚ್ಚು ಕಾಲ ಗಿಡದಲ್ಲೇ ಉಳಿದ ಮ್ಯಾಂಡರಿನ್‌ನಲ್ಲಿ ಈ ಸಡಿಲತನ ಅತಿಯಾಗಿ, ಸಿಪ್ಪೆ ಉಬ್ಬಿ ಒಳಗೆ ಗಾಳಿ ತುಂಬಿದಂತಾಗುತ್ತದೆ. ಅಂಥ ಹಣ್ಣು ನೋಡಲು ದೊಡ್ಡದಾಗಿದ್ದರೂ ತೂಕವಿರುವುದಿಲ್ಲ, ರಸವೂ ಕಡಿಮೆ. ಆರಿಸುವಾಗ ಗಾತ್ರಕ್ಕಿಂತ ತೂಕವನ್ನು ನಂಬಬೇಕೆನ್ನುವುದು ಇದಕ್ಕಾಗಿಯೇ.

ಎರಡನೆಯ ಹಣ್ಣನ್ನು ನಡುವಿಗೆ ಸರಿಯಾಗಿ ಅಡ್ಡ ಕೊಯ್ದು ಮಧ್ಯದ ದಿಂಡನ್ನು ನೋಡಿ. ಮಾಗಿದ ಮ್ಯಾಂಡರಿನ್‌ನಲ್ಲಿ ಅಲ್ಲಿ ಒಂದು ಟೊಳ್ಳು ಕಾಣುತ್ತದೆ, ತೊಳೆಗಳ ಒಳತುದಿಗಳು ಅದರ ಸುತ್ತ ಬಿಡಿಬಿಡಿಯಾಗಿ ನಿಂತಿರುತ್ತವೆ. ಸಿಹಿ ಕಿತ್ತಳೆಯಲ್ಲಿ ಅದೇ ಜಾಗ ಬಿಳಿ ತಿರುಳಿನಿಂದ ತುಂಬಿಕೊಂಡಿದ್ದು ತೊಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿರುತ್ತವೆ. ಹೆಸರು ಏನೇ ಇರಲಿ, ಸುಲಭವಾಗಿ ಬಿಡುವ ಸಿಪ್ಪೆ ಮತ್ತು ಟೊಳ್ಳಾದ ನಡುದಿಂಡು ಎರಡೂ ಕಂಡರೆ ಮ್ಯಾಂಡರಿನ್‌ನ ಪಾಲು ದೊಡ್ಡದಿದೆ ಎಂದು ಧೈರ್ಯವಾಗಿ ಹೇಳಬಹುದು.

ಬಣ್ಣದ ವಿಷಯದಲ್ಲಿ ಅಷ್ಟು ಧೈರ್ಯ ಬೇಡ. ಕೇಸರಿ ಬಣ್ಣ ಬಹುಮಟ್ಟಿಗೆ ಮ್ಯಾಂಡರಿನ್‌ನ ಕೊಡುಗೆ ಎಂಬುದು ನಿಜ. ಚಕ್ಕೋತವಾಗಲಿ ಮಾದಲವಾಗಲಿ ಹಳದಿಯನ್ನು ದಾಟುವುದಿಲ್ಲ. ಆದರೆ ಸಿಪ್ಪೆಯ ಹಸಿರು ಮಾಯವಾಗಲು ತಂಪಾದ ರಾತ್ರಿಗಳು ಬೇಕು. ವರ್ಷವಿಡೀ ಬೆಚ್ಚಗಿರುವ ಪ್ರದೇಶದಲ್ಲಿ ಪೂರ್ತಿ ಮಾಗಿದ ಮ್ಯಾಂಡರಿನ್ ಕೂಡ ಹಸಿರಾಗಿಯೇ ಇರಬಹುದು, ಮತ್ತು ಎಥಿಲೀನ್ ಅನಿಲದಲ್ಲಿಟ್ಟು ಹಸಿರು ಕಳೆದ ಹಣ್ಣು ಹೊರಗೆ ಕೇಸರಿಯಾಗಿದ್ದರೂ ಒಳಗೆ ಹುಳಿಯಾಗಿಯೇ ಇರಬಹುದು. ಕೊಯ್ದ ನಂತರ ಸಿಟ್ರಸ್ ಹಣ್ಣು ಬಾಳೆ, ಮಾವುಗಳಂತೆ ಹಣ್ಣಾಗಿ ಸಿಹಿಯೇರುವುದಿಲ್ಲ. ತಿರುಳಿನ ಕೆಂಪು ಬಣ್ಣವಂತೂ ಬೇರೆಯೇ ದಾರಿಯಲ್ಲಿ ಬಂದದ್ದು: ಕೆಂಪು ಚಕ್ಕೋತ, ಗ್ರೇಪ್‌ಫ್ರೂಟ್‌ಗಳಲ್ಲಿ ಅದು ಲೈಕೋಪೀನ್, ರಕ್ತಕಿತ್ತಳೆಯಲ್ಲಿ ಆಂಥೋಸಯನಿನ್.

ಬೀಜದೊಳಗೆ ನೋಡಿ

ಇಷ್ಟರಲ್ಲೂ ನನಗೆ ಹೆಚ್ಚು ನಂಬಿಕೆಯಿರುವುದು ಬೀಜದ ಪರೀಕ್ಷೆಯ ಮೇಲೆ. ಆದರೂ ಇದನ್ನು ಮಾಡಿ ನೋಡುವವರು ಕಡಿಮೆ. ಬೀಜವನ್ನು ತೊಳೆದು ಲೋಳೆ ತೆಗೆದು, ಒರೆಸಿ, ಚೂಪಾದ ತುದಿಯ ಕಡೆಯಿಂದ ಉಗುರಿನಲ್ಲಿ ಹೊರಸಿಪ್ಪೆಯನ್ನು ಎಬ್ಬಿಸಿ. ಅದರಡಿಯಲ್ಲಿ ಕಂದು ಬಣ್ಣದ, ಕಾಗದದಂತೆ ತೆಳುವಾದ ಇನ್ನೊಂದು ಪೊರೆಯಿರುತ್ತದೆ, ಅದನ್ನೂ ಸುಲಿಯಿರಿ. ಈಗ ಕಾಣುವ ಬೀಜದಳಗಳು ಮ್ಯಾಂಡರಿನ್‌ನಲ್ಲಾದರೆ ಸಾಮಾನ್ಯವಾಗಿ ಹಸಿರು, ಸಿಹಿ ಕಿತ್ತಳೆ ಮತ್ತು ಚಕ್ಕೋತಗಳಲ್ಲಾದರೆ ಬಿಳಿ ಅಥವಾ ಕೆನೆಬಣ್ಣ. ಕೆಲವು ಮ್ಯಾಂಡರಿನ್ ತಳಿಗಳಲ್ಲಿ ಬಿಳಿಯೇ ಇರುವುದರಿಂದ, ಹಸಿರು ಕಂಡರೆ ಮ್ಯಾಂಡರಿನ್‌ನ ಗುರುತೆಂದು ಹಿಡಿಯಬಹುದು, ಆದರೆ ಬಿಳಿ ಕಂಡ ಮಾತ್ರಕ್ಕೆ ಮ್ಯಾಂಡರಿನ್ ಅಲ್ಲವೆನ್ನಲಾಗದು.

ಮುಂದೆ ಬೀಜದಳಗಳನ್ನು ಮೆಲ್ಲನೆ ಬಿಡಿಸಿ. ಚಕ್ಕೋತದ ಬೀಜ ಎರಡು ಸಮವಾದ ಹೋಳುಗಳಾಗುತ್ತದೆ, ಏಕೆಂದರೆ ಅದರಲ್ಲಿ ಒಂದೇ ಭ್ರೂಣವಿರುತ್ತದೆ. ಮಾದಲವೂ ಹಾಗೆಯೇ. ಮ್ಯಾಂಡರಿನ್‌ನ ಬಹುತೇಕ ತಳಿಗಳಲ್ಲಿ ಮಾತ್ರ ಬೀಜ ಅಸಮ ಗಾತ್ರದ ಮೂರು, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ತುಣುಕುಗಳಾಗಿ ಬೇರ್ಪಡುತ್ತದೆ. ಅವು ಒಂದೇ ಬೀಜದೊಳಗೆ ಒತ್ತೊತ್ತಾಗಿ ಬೆಳೆದ ಹಲವು ಭ್ರೂಣಗಳು. ಅವುಗಳಲ್ಲಿ ಹೆಚ್ಚೆಂದರೆ ಒಂದು ಪರಾಗಸ್ಪರ್ಶದಿಂದ ಹುಟ್ಟಿದ್ದು. ಉಳಿದವು ಅಂಡಾಣುವಿನ ಸುತ್ತಲಿನ ತಾಯಿಯ ಅಂಗಾಂಶದಿಂದಲೇ ನೇರವಾಗಿ ಮೂಡಿದವು, ಆದ್ದರಿಂದ ಅವು ತಾಯಿಗಿಡದ ಪಡಿಯಚ್ಚು. ಈ ಗುಣವನ್ನು ನಿಯಂತ್ರಿಸುವ ಪ್ರಬಲ ಜೀನ್ ಸಿಹಿ ಕಿತ್ತಳೆಗೂ ಗ್ರೇಪ್‌ಫ್ರೂಟ್‌ಗೂ ಬಂದಿರುವುದು ಮ್ಯಾಂಡರಿನ್‌ನ ಕಡೆಯಿಂದ. ಅಂದರೆ ನೋಡಲು ಚಕ್ಕೋತವನ್ನೇ ಹೋಲುವ ಗ್ರೇಪ್‌ಫ್ರೂಟಿನ ಬೀಜದಲ್ಲಿ ಹಲವು ಭ್ರೂಣಗಳು ಕಂಡಾಗ ನೀವು ನೋಡುತ್ತಿರುವುದು ಅದರ ಮ್ಯಾಂಡರಿನ್ ಪೂರ್ವಜನ ಗುರುತನ್ನು. ಕ್ಲೆಮಂಟೈನ್ ಎಂಬ ಮ್ಯಾಂಡರಿನ್ ತಳಿ ಈ ನಿಯಮಕ್ಕೆ ಒಂದು ಸ್ವಾರಸ್ಯಕರ ಅಪವಾದ. ಅದರ ತಂದೆತಾಯಿಗಳಿಬ್ಬರಲ್ಲೂ ಬಹುಭ್ರೂಣತೆ ಇದ್ದರೂ ಇಬ್ಬರಿಂದಲೂ ಆ ಜೀನ್ ಇಲ್ಲದ ಪ್ರತಿಯೇ ಅದಕ್ಕೆ ಬಂದಿರುವುದರಿಂದ ಅದರ ಬೀಜದಲ್ಲಿ ಒಂದೇ ಭ್ರೂಣವಿರುತ್ತದೆ.

ಬೀಜಗಳೇ ಇಲ್ಲದಿದ್ದರೆ ಅದರಿಂದ ವಂಶದ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ. ಜಪಾನಿನ ಸತ್ಸುಮಾ ಮ್ಯಾಂಡರಿನ್‌ನಲ್ಲಿ ಪರಾಗ ಬಹುಮಟ್ಟಿಗೆ ನಿರ್ವೀರ್ಯವಾಗಿರುವುದರಿಂದ ಬೀಜವಿರುವುದು ಅಪರೂಪ. ಕ್ಲೆಮಂಟೈನ್ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಒಂದೇ ತಳಿಯ ತೋಟದಲ್ಲಿ ಬೀಜವಿಲ್ಲದ ಹಣ್ಣು ಕೊಡುವ ಅದೇ ಗಿಡ, ಪಕ್ಕದಲ್ಲಿ ಬೇರೆ ತಳಿಯಿದ್ದು ಜೇನುನೊಣ ಓಡಾಡಿದರೆ ಹಣ್ಣಿನ ತುಂಬ ಬೀಜ ಕಟ್ಟುತ್ತದೆ.

ಎಲೆ, ವಾಸನೆ, ಕಹಿ

ಎಲೆಯಲ್ಲಿ ನೋಡಬೇಕಾದದ್ದು ತೊಟ್ಟನ್ನು. ಚಕ್ಕೋತದ ಎಲೆತೊಟ್ಟಿನ ಎರಡೂ ಬದಿಗೆ ಹೃದಯಾಕಾರದ ಅಗಲವಾದ ರೆಕ್ಕೆಗಳಿರುತ್ತವೆ. ಮ್ಯಾಂಡರಿನ್‌ನಲ್ಲಿ ಎಲೆ ಕಿರಿದು, ರೆಕ್ಕೆ ಇದೆಯೋ ಇಲ್ಲವೋ ಎಂಬಷ್ಟು ಸಣ್ಣದು. ಮಾದಲದಲ್ಲಿ ರೆಕ್ಕೆಯೂ ಇಲ್ಲ, ತೊಟ್ಟಿಗೂ ಎಲೆಗೂ ನಡುವೆ ಕೀಲಿನಂಥ ಗೆರೆಯೂ ಇಲ್ಲ. ಸಂಕರ ತಳಿಗಳು ಇವುಗಳ ನಡುವೆ ಎಲ್ಲಾದರೂ ನಿಲ್ಲುತ್ತವೆ.

ವಾಸನೆಗೆ ಬಂದರೆ, ಎಲ್ಲ ಸಿಟ್ರಸ್ ಸಿಪ್ಪೆಯ ತೈಲದಲ್ಲೂ ಲಿಮೊನೀನ್ ಮುಖ್ಯ ಅಂಶ. ಸಿಹಿ ಕಿತ್ತಳೆಯ ತೈಲದಲ್ಲಿ ಅದರ ಪ್ರಮಾಣ ಶೇ 90ನ್ನು ಮೀರುತ್ತದೆ. ಹಣ್ಣುಗಳನ್ನು ಬೇರ್ಪಡಿಸುವುದು ಉಳಿದ ಅಲ್ಪಾಂಶಗಳು. ಲೆಮನ್‌ಗೆ ಅದರ ಚುರುಕು ಸಿಟ್ರಾಲ್‌ನಿಂದ ಬರುತ್ತದೆ. ಮ್ಯಾಂಡರಿನ್‌ನ ತೈಲದಲ್ಲಿರುವ ಥೈಮಾಲ್ ಮತ್ತು ಮೀಥೈಲ್ ಎನ್-ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತುಗಳು ಅದಕ್ಕೆ ಓಮದ ನೆರಳಿರುವ, ತುಸು ಹೂವಿನಂಥ ಗಾಢ ಕಂಪನ್ನು ಕೊಡುತ್ತವೆ.

ಬಿಳಿ ಪದರದ ಒಂದು ಚೂರನ್ನು ಅಗಿದರೆ ಇನ್ನೂ ಸ್ಪಷ್ಟವಾದ ಸುಳಿವು ಸಿಗುತ್ತದೆ. ಚಕ್ಕೋತದ ವಂಶದಲ್ಲಿ ನಾರಿಂಜಿನ್ ಎಂಬ ಕಹಿ ಫ್ಲೇವನಾಯ್ಡ್ ಇರುತ್ತದೆ. ಮ್ಯಾಂಡರಿನ್‌ನಲ್ಲಿರುವ ಹೆಸ್ಪೆರಿಡಿನ್‌ಗೆ ರುಚಿಯೇ ಇಲ್ಲ. ಹುಳಿ ಕಿತ್ತಳೆ, ಗ್ರೇಪ್‌ಫ್ರೂಟ್‌ಗಳು ಕಹಿಯಲ್ಲಿ ಚಕ್ಕೋತವನ್ನು ಹೋತರೆ ಸಿಹಿ ಕಿತ್ತಳೆ ಮ್ಯಾಂಡರಿನ್‌ನ ದಾರಿ ಹಿಡಿದಿದೆ. ಹಿಂಡಿಟ್ಟ ಕಿತ್ತಳೆ ರಸ ಸ್ವಲ್ಪ ಹೊತ್ತಿನ ಬಳಿಕ ಕಹಿಯಾಗುವುದು ಇದಕ್ಕೆ ಸಂಬಂಧಿಸಿದ್ದಲ್ಲ. ಜಜ್ಜಿದ ಅಂಗಾಂಶದಿಂದ ಬಿಡುಗಡೆಯಾದ ರುಚಿಯಿಲ್ಲದ ವಸ್ತುವೊಂದು ರಸದ ಹುಳಿಯಲ್ಲಿ ನಿಧಾನವಾಗಿ ಲಿಮೊನಿನ್ ಎಂಬ ಕಹಿ ವಸ್ತುವಾಗಿ (ಸಿಪ್ಪೆಯ ತೈಲದ ಲಿಮೊನೀನ್ ಬೇರೆ) ಮಾರ್ಪಡುವುದೇ ಅದರ ಕಾರಣ.

ಸುಳಿವುಗಳನ್ನು ವಂಶಾವಳಿಗೆ ಹೊಂದಿಸಿ

ಈಗ ಒಂದೊಂದೇ ಹಣ್ಣನ್ನು ಅದರ ಜಾಗದಲ್ಲಿ ಕೂರಿಸಬಹುದು. ಹುಳಿ ಕಿತ್ತಳೆಯ ಲೆಕ್ಕ ಸರಳ: ತಾಯಿ ಚಕ್ಕೋತ, ತಂದೆ ಮ್ಯಾಂಡರಿನ್, ಇಬ್ಬರದೂ ಅರ್ಧರ್ಧ ಪಾಲು. ಸಿಹಿ ಕಿತ್ತಳೆಯೂ ಇವೆರಡರ ಸಂತತಿಯೇ ಆದರೂ ಒಂದೇ ಸಂಕರಣದಲ್ಲಿ ಹುಟ್ಟಿದ್ದಲ್ಲ. ಹಲವು ತಲೆಮಾರುಗಳ ಬೆರಕೆಯ ನಂತರ ಅದರಲ್ಲಿ ಮ್ಯಾಂಡರಿನ್‌ನ ಪಾಲು ಅರ್ಧಕ್ಕಿಂತ ತುಸು ಹೆಚ್ಚಾಗಿದೆ, ತಾಯಿಯ ಕಡೆಯಿಂದ ಬರುವ ಕ್ಲೋರೊಪ್ಲಾಸ್ಟ್ (ಎಲೆಗೆ ಹಸಿರು ಕೊಡುವ ಕೋಶಭಾಗ) ಮಾತ್ರ ಚಕ್ಕೋತದ್ದು. ಗಮನಿಸಬೇಕಾದದ್ದೆಂದರೆ ನೇವಲ್, ವೆಲೆನ್ಸಿಯಾ, ರಕ್ತಕಿತ್ತಳೆ ಮೊದಲಾದ ಸಿಹಿ ಕಿತ್ತಳೆಗಳೆಲ್ಲ ಒಂದೇ ಮೂಲಗಿಡದಿಂದ ಕಸಿ ಮತ್ತು ಬೀಜದ ಪಡಿಯಚ್ಚುಗಳ ಮೂಲಕ ಬಂದು, ನಡುವೆ ಆದ ಸಣ್ಣಪುಟ್ಟ ಮಾರ್ಪಾಡುಗಳಿಂದ ಬೇರೆಯಾದವು. ಹೊರನೋಟಕ್ಕೆ ಅಷ್ಟು ಭಿನ್ನವಾದ ಈ ಕಿತ್ತಳೆಗಳ ನಡುವಿನ ಅಂತರಕ್ಕಿಂತ ಎರಡು ಸಾಧಾರಣ ಮ್ಯಾಂಡರಿನ್ ತಳಿಗಳ ನಡುವಿನ ಅಂತರವೇ ಹೆಚ್ಚಿರಬಹುದು.

ಗ್ರೇಪ್‌ಫ್ರೂಟ್ 18ನೆಯ ಶತಮಾನದಲ್ಲಿ ಕೆರಿಬಿಯನ್ನಿನ ಬಾರ್ಬಡೋಸಿನಲ್ಲಿ ಚಕ್ಕೋತ ಮತ್ತು ಸಿಹಿ ಕಿತ್ತಳೆಗಳ ಆಕಸ್ಮಿಕ ಮಿಲನದಿಂದ ಹುಟ್ಟಿತು. ಲೆಮನ್‌ಗೆ ತಾಯಿ ಹುಳಿ ಕಿತ್ತಳೆ, ತಂದೆ ಮಾದಲ. ಹೀಗಾಗಿ ಅದರಲ್ಲಿ ಅರ್ಧ ಮಾದಲ, ಸರಿಸುಮಾರು ಕಾಲು ಭಾಗ ಮ್ಯಾಂಡರಿನ್. ಸಣ್ಣ ಹುಳಿ ನಿಂಬೆಯಲ್ಲಾದರೋ ಮ್ಯಾಂಡರಿನ್‌ನ ಅಂಶವೇ ಇಲ್ಲ. ಅದು ಮೈಕ್ರಾಂತಾ ಎಂಬ ಪಪೀಡ ಮತ್ತು ಮಾದಲದ ಮಗು. ಇದಕ್ಕೆ ಎದುರಾಗಿ ರಂಗಪುರ ನಿಂಬೆಯನ್ನು ಇಡಿ. ಹೆಸರಿನಲ್ಲಿ ನಿಂಬೆಯಾದರೂ, ಬಾಯಿಗಿಟ್ಟರೆ ಹುಳಿಯಾದರೂ, ಕೇಸರಿ ಬಣ್ಣ ಮತ್ತು ಸಡಿಲ ಸಿಪ್ಪೆಯಿಂದಲೇ ಅದರ ಗುಟ್ಟು ರಟ್ಟಾಗುತ್ತದೆ. ಅದರ ತಾಯಿ ಮ್ಯಾಂಡರಿನ್, ತಂದೆ ಮಾದಲ.

ಮ್ಯಾಂಡರಿನ್ ಹೆಸರಿನ ಹಣ್ಣುಗಳೂ ಶುದ್ಧವೇನಲ್ಲ. ಶುದ್ಧ ಮ್ಯಾಂಡರಿನ್‌ಗಳು ಬಹಳ ಮಟ್ಟಿಗೆ ಸಣ್ಣವು ಮತ್ತು ಹುಳಿ. ಇಂದು ತಿನ್ನಲು ಬೆಳೆಯುವ ಹೆಚ್ಚಿನ ತಳಿಗಳಲ್ಲಿ ಚಕ್ಕೋತದ ವರ್ಣತಂತುಗಳ ತುಣುಕುಗಳು ಸೇರಿಕೊಂಡಿವೆ. ಆ ಪಾಲು ಹೆಚ್ಚಿದಂತೆ ಹಣ್ಣು ದೊಡ್ಡದಾಗಿ ಹುಳಿ ತಗ್ಗಿರುವುದನ್ನು 2018ರ ಅಧ್ಯಯನವೇ ತೋರಿಸಿದೆ. ಕ್ಲೆಮಂಟೈನ್ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಜೀರಿಯಾದ ಮಿಸರ್ಗಿನ್‌ನಲ್ಲಿ ಕ್ಲೆಮೆಂಟ್ ರೋಡಿಯೆ ಎಂಬ ಕ್ರೈಸ್ತ ಸನ್ಯಾಸಿಯ ಕಣ್ಣಿಗೆ ಬಿದ್ದ ಸಸಿ, ಮೆಡಿಟರೇನಿಯನ್ ಮ್ಯಾಂಡರಿನ್‌ಗೂ ಸಿಹಿ ಕಿತ್ತಳೆಗೂ ಹುಟ್ಟಿದ್ದು. ಮ್ಯಾಂಡರಿನ್ ಮತ್ತು ಸಿಹಿ ಕಿತ್ತಳೆಯ ಸಂಕರಗಳನ್ನು ಟ್ಯಾಂಗರ್ ಎಂದೂ, ಮ್ಯಾಂಡರಿನ್ ಮತ್ತು ಗ್ರೇಪ್‌ಫ್ರೂಟ್ ಅಥವಾ ಚಕ್ಕೋತದ ಸಂಕರಗಳನ್ನು ಟ್ಯಾಂಜೆಲೊ ಎಂದೂ ಕರೆಯುತ್ತಾರೆ. ತೊಟ್ಟಿನ ಕಡೆ ಕತ್ತು ಚಾಚಿದಂತೆ ಕಾಣುವ ಮಿನಿಯೋಲಾ ಎರಡನೆಯ ಗುಂಪಿನದು.

ತಿಳಿದದ್ದನ್ನು ಬಳಸುವಾಗ

ಬೀಜದಿಂದ ಸಸಿ ಎಬ್ಬಿಸುವುದಾದರೆ ಬಹುಭ್ರೂಣ ತಳಿಯನ್ನೇ ಆರಿಸಿ. ಒಂದು ಬೀಜದಿಂದ ಎರಡು ಮೂರು ಮೊಳಕೆ ಬಂದಾಗ ಒಂದೇ ಎತ್ತರದ, ಒಂದೇ ರೂಪದ ಸಸಿಗಳು ತಾಯಿಯ ಪಡಿಯಚ್ಚಾಗಿರುವ ಸಾಧ್ಯತೆ ಹೆಚ್ಚು. ರೂಪದಲ್ಲಿ ಬೇರೆಯಾಗಿ ಕಾಣುವುದನ್ನು ಕಿತ್ತುಹಾಕಬಹುದು. ಚಕ್ಕೋತ, ಕ್ಲೆಮಂಟೈನ್‌ಗಳ ಬೀಜ ನೆಟ್ಟರೆ ತಾಯಿಯಂಥದೇ ಹಣ್ಣು ಸಿಗುವ ಭರವಸೆಯಿಲ್ಲ, ಅಲ್ಲಿ ಕಸಿಯೇ ದಾರಿ.

ಔಷಧಿ ತೆಗೆದುಕೊಳ್ಳುವವರಿಗೆ ವಂಶಾವಳಿ ಇನ್ನೂ ಮುಖ್ಯ. ಗ್ರೇಪ್‌ಫ್ರೂಟ್ ರಸವು ಕೆಲವು ಔಷಧಿಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ ಎಂಬುದು 1989ರಲ್ಲಿ ಆಕಸ್ಮಿಕವಾಗಿ ಹೊರಬಿತ್ತು. ಫೆಲೊಡಿಪೀನ್ ಎಂಬ ರಕ್ತದೊತ್ತಡದ ಔಷಧಿ ಮತ್ತು ಮದ್ಯದ ಪ್ರಯೋಗದಲ್ಲಿ ಮದ್ಯದ ರುಚಿ ಮರೆಮಾಚಲು ಆ ರಸವನ್ನು ಬಳಸಿದ್ದರು. ಔಷಧಿಯನ್ನು ಒಡೆಯುವ ಕರುಳಿನ ಕಿಣ್ವವೊಂದನ್ನು ಅದರಲ್ಲಿರುವ ಫ್ಯೂರನೋಕೂಮರಿನ್‌ಗಳು ನಿಷ್ಕ್ರಿಯಗೊಳಿಸುತ್ತವೆ. ಈ ವಸ್ತುಗಳು ಚಕ್ಕೋತ, ಹುಳಿ ಕಿತ್ತಳೆ ಮತ್ತು ನಿಂಬೆಗಳಲ್ಲೂ ಇವೆ, ಮ್ಯಾಂಡರಿನ್‌ನಲ್ಲಿ ತೀರ ಕಡಿಮೆ. ಟ್ಯಾಂಜೆಲೊಗಳಂಥ ಬೆರಕೆಯ ವಿಷಯದಲ್ಲಿ ಊಹೆಗೆ ಹೋಗದೆ ವೈದ್ಯರನ್ನು ಕೇಳುವುದೇ ಸರಿ.

ಅಡುಗೆಯಲ್ಲಿ ಸಿಹಿ ಕಿತ್ತಳೆಯ ಬದಲು ಮ್ಯಾಂಡರಿನ್ ಬಳಸುವಾಗ ಹುಳಿ ಕಡಿಮೆಯಾದೀತೆಂದು ನೋಡಿಕೊಂಡು ತುಸು ನಿಂಬೆರಸ ಸೇರಿಸಿ. ಸಿಪ್ಪೆಯ ತುರಿ ಬೇಕಿದ್ದರೆ ಸುಲಿಯುವ ಮೊದಲೇ, ಹಣ್ಣು ಗಟ್ಟಿಯಾಗಿರುವಾಗ ತುರಿದುಕೊಳ್ಳಿ. ಪೋಷಕಾಂಶದಲ್ಲಿ ಇವೆರಡು ಸಮಾನವಲ್ಲ. 100 ಗ್ರಾಂ ಸಿಹಿ ಕಿತ್ತಳೆಯಲ್ಲಿ ಸುಮಾರು 53 ಮಿಲಿಗ್ರಾಂ ಸಿ ಜೀವಸತ್ವ ಇದ್ದರೆ ಮ್ಯಾಂಡರಿನ್‌ನಲ್ಲಿ ಸುಮಾರು 27 ಮಿಲಿಗ್ರಾಂ. ಆದರೆ ದೇಹದಲ್ಲಿ ಎ ಜೀವಸತ್ವವಾಗಿ ಬದಲಾಗುವ ಬೀಟಾ ಕ್ರಿಪ್ಟೊಕ್ಸಾಂಥಿನ್ ಮ್ಯಾಂಡರಿನ್‌ನಲ್ಲೇ ಹೆಚ್ಚು.

ಗಿಡದಿಂದ ಕೊಯ್ಯುವವರು ಸಡಿಲ ಸಿಪ್ಪೆಯ ಇನ್ನೊಂದು ಪರಿಣಾಮವನ್ನು ನೆನಪಿಡಬೇಕು. ಸಿಹಿ ಕಿತ್ತಳೆಯನ್ನು ತಿರುಚಿ ಕೀಳಬಹುದು. ಮ್ಯಾಂಡರಿನ್ ಅನ್ನು ಹಾಗೆ ಎಳೆದರೆ ತೊಟ್ಟಿನ ಜೊತೆ ಸಿಪ್ಪೆಯ ಒಂದು ಚೂರೂ ಕಿತ್ತುಬಂದು, ಆ ತೂತಿನಿಂದ ಬೂಷ್ಟು ಒಳನುಗ್ಗುತ್ತದೆ. ಆದ್ದರಿಂದ ಕತ್ತರಿಯಿಂದ ತೊಟ್ಟನ್ನು ಹಣ್ಣಿನ ಮೈಗೆ ಹತ್ತಿರವಾಗಿ ಕತ್ತರಿಸಬೇಕು, ಇಲ್ಲದಿದ್ದರೆ ಚಾಚಿಕೊಂಡ ತೊಟ್ಟು ಬುಟ್ಟಿಯಲ್ಲಿ ಪಕ್ಕದ ಹಣ್ಣನ್ನು ಚುಚ್ಚುತ್ತದೆ.